ಹಿಟ್ಟಿಗೆ ನೀರು ಹಾಕುವ ಮುಂಚೆ

ಜಹೀರಾಬಾದಿನ ನಮ್ಮ ಮನೆಯ ಪಡಸಾಲೆಯಲ್ಲಿ ಆ ಶನಿವಾರ ಮಧ್ಯಾಹ್ನ ಇದ್ದವರು ನಾಲ್ಕೇ ಮಂದಿ. ಗೋಡೆಗೊರಗಿ ನನ್ನ ಅತ್ತೆ. ಕುರ್ಚಿಯಲ್ಲಿ ನಮ್ಮ ಸಭೆಯ ಪಾಸ್ಟರ್. ಬಸ್ಸುಗಳೆಲ್ಲ ಮುಷ್ಕರದಲ್ಲಿ ನಿಂತಿದ್ದರಿಂದ ನಾರಾಯಣಖೇಡದಿಂದ ಯಾರದೋ ಮೋಟಾರ್ ಸೈಕಲ್ಲಿನ ಹಿಂದೆ ಕೂತು ಬಂದಿದ್ದರು, ಹುಬ್ಬಿನ ಮೇಲೂ ಧೂಳು. ಅವರ ಎದುರಿಗೆ ಸಭೆಯ ಹಿರಿಯರು, ಕರಣಕೋಟದ ಸಿಮೆಂಟ್ ಫ್ಯಾಕ್ಟರಿಯಲ್ಲಿ ದುಡಿದು ನಿವೃತ್ತರಾದವರು. ಅಡುಗೆಮನೆಯ ಬಾಗಿಲಲ್ಲಿ ನಾನು, ಕೈಯಲ್ಲಿ ಗೋಧಿಹಿಟ್ಟು ತುಂಬಿದ ಪರಾತ.

ಮರುದಿನ ಕರ್ತನ ಭೋಜನ, ಯೇಸುವಿನ ಕಡೆಯ ಊಟದ ನೆನಪಿಗೆ ಗುಡಿಯಲ್ಲಿ ರೊಟ್ಟಿ ಮುರಿದು ಹಂಚುವ ದಿನ. ನಮ್ಮ ಸಭೆಯಲ್ಲಿ ಅದರ ರೊಟ್ಟಿಯನ್ನು ಅಂಗಡಿಯಿಂದ ತರುವುದಿಲ್ಲ, ಹೆಂಗಸರೇ ಸರದಿಯ ಮೇಲೆ ಮನೆಯಲ್ಲಿ ಕಲಸಿ ಬೇಯಿಸುತ್ತೇವೆ. ಅದಕ್ಕೊಂದು ಕಟ್ಟಳೆ ಇದೆ. ಯಾರು ಮಾಡಿದ್ದೋ ಗೊತ್ತಿಲ್ಲ. ನನ್ನ ಮಾತು, ಪ್ರಾರ್ಥನೆ, ಅಡುಗೆ ಎಲ್ಲ ಅತ್ತೆಯಿಂದ ಕಲಿತದ್ದು, ಇದೂ ಅವರು ಹೇಳಿದ್ದೇ. ಯಾರ ಮೇಲಾದರೂ ಮನಸ್ಸಿನಲ್ಲಿ ಏನಾದರೂ ಇಟ್ಟುಕೊಂಡವಳು ಆ ಹಿಟ್ಟಿಗೆ ನೀರು ಹಾಕಬಾರದು. ಆ ತಿಂಗಳ ಸರದಿ ನನ್ನದು. ಬೆಳಗ್ಗೆಯೇ ಹಿಟ್ಟು ಜರಡಿ ಹಿಡಿದಿದ್ದೆ. ನೀರಿನ ತಂಬಿಗೆ ಮಾತ್ರ ಮುಟ್ಟಿರಲಿಲ್ಲ.

ಪಾಸ್ಟರೂ ಹಿರಿಯರೂ ಯಾಕೆ ಬಂದಿದ್ದಾರೆಂದು ಬಾಯಿ ತೆರೆಯುವ ಮೊದಲೇ ನನಗೆ ಗೊತ್ತಿತ್ತು. ನನ್ನ ನೆಗೆಣ್ಣಿಯ, ಅಂದರೆ ಮೈದುನನ ಹೆಂಡತಿಯ, ಮಗಳಿಗೆ ತಾಂಡೂರಿನ ಗಂಡು ಗೊತ್ತಾಗಿತ್ತು. ನಮ್ಮಲ್ಲಿ ಮದುವೆಯ ಮುಂಚೆ ಮೂರು ಭಾನುವಾರ ಗುಡಿಯಲ್ಲಿ ಪ್ರಕಟಣೆ ಓದಬೇಕು. ಮೊದಲನೆಯದು ಮರುದಿನವೇ. ಆದರೆ ಹುಡುಗಿಯ ತಾಯಿಯನ್ನು ಭೋಜನದಿಂದ ಹೊರಗಿಟ್ಟರೆ ಪ್ರಕಟಣೆ ನಿಲ್ಲುತ್ತದೆ. ನಿಂತ ಪ್ರಕಟಣೆಯ ಸುದ್ದಿ ತಾಂಡೂರು ಮುಟ್ಟಲು ಬಸ್ಸು ಬೇಕಿಲ್ಲ.

"ಆಕಿ ಬತುಕಮ್ಮ ಆಡ್ಯಾಳಂತ," ಎಂದರು ಹಿರಿಯರು. "ನಡು ರೋಡಿನ್ಯಾಗ. ಹೂವಿನ ತಾಟಿನ ಸುತ್ತ."

ಆಗ ಪ್ರತ್ಯೇಕ ತೆಲಂಗಾಣ ರಾಜ್ಯ ಬೇಕೆಂದು ಇಡೀ ಊರು ಹೆದ್ದಾರಿಯ ಮೇಲೆ ಕೂತಿದ್ದ ಕಾಲ. ಬತುಕಮ್ಮ ನಮ್ಮ ಕಡೆಯ ದೇವಿಯ ಹೂವಿನ ಹಬ್ಬ. ಹೆಂಗಸರು ತಂಗಡಿ ಹೂ, ಚೆಂಡುಹೂಗಳನ್ನು ಗೋಪುರದ ಹಾಗೆ ಜೋಡಿಸಿ ರಸ್ತೆಯ ನಡುವೆ ಇಟ್ಟು, ಲಾರಿಗಳನ್ನು ನಿಲ್ಲಿಸಿ, ಚಪ್ಪಾಳೆ ತಟ್ಟುತ್ತ ಸುತ್ತ ಆಡುತ್ತಿದ್ದರು. ಹಬ್ಬ ಎಲ್ಲಿ ಮುಗಿದು ಚಳವಳಿ ಎಲ್ಲಿ ಸುರುವಾಗುತ್ತದೆಂದು ಆಡುವವರಿಗೂ ಹೇಳಲು ಬರುತ್ತಿರಲಿಲ್ಲ.

"ಅಂತ, ಅಂತ. ನೀವ್ ಕಣ್ಣಾರೆ ನೋಡೀರೇನಣ್ಣಾ?" ಎಂದರು ಅತ್ತೆ.

"ನಾ ಎಲ್ಲಿ ನೋಡ್ಲಿ? ಅವತ್ತು ಇದೇ ಸಂಬಂಧ ಕುದುರಿಸ್ಲಾಕ ತಾಂಡೂರಿಗಿ ಹೋಗಿದ್ದೆ. ನಮಗ ಬೇಕಾದ ಮಂದಿ, ಹೆಣ್ಣಿನ ಮನಿಯವ್ರು ಭಕ್ತಿವಂತರು ಅಂತ ನನ್ನ ಬಾಯಿಲೇ ಹೇಳಿ ಬಂದೀನಿ. ನಾಳಿ ಅವ್ರು ಕೇಳೋದು ನನಗ."

"ನಿಮ್ಮ ಮಗನ ಹೊಸಾ ಗಾಡಿ ಗಾಲಿ ಕೆಳಗ ನಿಂಬಿಹಣ್ಣು ಇತ್ತಲ್ಲ, ಅದಕ್ಕೇನಂತೀರಿ?"

"ಅದು ಶೋರೂಮಿನವ್ರು ಇಟ್ಟಿದ್ದು ಅಕ್ಕಾ."

"ಹತ್ತಿಸಿ ಪಚ್ ಅನಿಸಿದವ್ರು?"

ಪಾಸ್ಟರ್ ಕೆಮ್ಮಿದರು. ನಗು ಬಂದೋ ಧೂಳಿಗೋ ತಿಳಿಯಲಿಲ್ಲ. ನನಗಂತೂ ನಗು ಬರಲಿಲ್ಲ. ಹಿರಿಯರ ಕಣ್ಣು ನನ್ನ ಕಡೆ ತಿರುಗಿತ್ತು.

"ಯವ್ವಾ, ನೀ ಅಲ್ಲೇ ಇದ್ದೆಂತ. ಒಂದೇ ಮಾತು ಹೇಳು. ಆಕಿ ಕೈ ಮುಗದಳೋ ಇಲ್ಲೋ? ಬರೇ ಆಡಿದ್ರ ಆಟ. ಕೈ ಮುಗದಿದ್ರ ಅದು ಪೂಜಿ."

ಪರಾತ ಭಾರವಾಗತೊಡಗಿತು. ಇಲ್ಲ ಎಂದುಬಿಟ್ಟರೆ ಹುಡುಗಿ ಉಳಿಯುತ್ತಾಳೆ, ಆದರೆ ಪಾಸ್ಟರ್ ಎದುರಿಗೆ, ಭೋಜನದ ಹಿಟ್ಟು ಹಿಡಿದುಕೊಂಡು, ಗೊತ್ತಿಲ್ಲದ್ದನ್ನು ಹೇಗೆ ಹೇಳಲಿ? ಇನ್ನೊಂದು ವಿಷಯ ಅದಕ್ಕಿಂತ ಹೆಚ್ಚು ಹೆದರಿಸಿತು. ಹೌದು ಎನ್ನಬೇಕೆಂಬ ಆಸೆಯೂ ಒಳಗೆಲ್ಲೋ ಮೂಲೆಯಲ್ಲಿ ಕೂತಿತ್ತು. ಅವಳ ಮೇಲೆ ನನಗೇನು ಸಿಟ್ಟು? ಒಂದೇ ಅಂಗಳದಲ್ಲಿ ಬಟ್ಟೆ ಒಣಹಾಕುವವರು ನಾವು. ಆದರೂ ರೋಡಿನ ಆ ದಿನದಿಂದ ಅವಳ ಮುಖ ಕಂಡರೆ ನನ್ನ ಮಾತು ಚುಟುಕಾಗುತ್ತಿತ್ತು.

"ನಾ ನೋಡಿಲ್ರಿ," ಎಂದೆ.

"ಅಲ್ಲೇ ಇದ್ದು ನೋಡಿಲ್ಲ ಅಂದ್ರ?"

"ನಾ ಕೊಹೀರ್ ಕಡಿ ರಸ್ತಾ ನೋಡ್ಲಾಕತ್ತಿದ್ದೆ."

"ಯಾಕ?"

"ನಮ್ಮ ಸಭಾದವ್ರು ಯಾರರ ಬರ್ಲಾಕತ್ತಾರೇನು ಅಂತ. ಒಂದು ಸ್ಕೂಟರ್ ಕಂಡ್ತು. ನಿಮ್ಮದೇ ಅನಸ್ತು. ತಲಿ ಮ್ಯಾಲ ಸೆರಗ ಎಳಕೊಂಡು ಲಾರಿ ಹಿಂದಿಂದ ಮನಿಗಿ ಬಂದ್ಬಿಟ್ಟೆ."

ಆ ಸ್ಕೂಟರ್ ಅವರದಲ್ಲವೆಂದು ನನಗೆ ಈಗಷ್ಟೇ ಗೊತ್ತಾಗಿತ್ತು. ಪಾಸ್ಟರ್ ನಿಧಾನವಾಗಿ ಕೇಳಿದರು, "ಹಿಟ್ಟು ಕಲಸೀರೇನಮ್ಮಾ?"

"ಇಲ್ರಿ."

"ಆಕಿ ಮ್ಯಾಲ ಏನರ ಅದನ?"

"ಅದರಿ. 'ಬಾ ಅಕ್ಕಾ' ಅಂತ ಕೈ ಚಾಚಿದ್ಳು. ನನಗೂ ಹೋಗೋ ಮನಸ್ಸಿತ್ತು. ನಾ ಹೆದರಿದೆ, ಆಕಿ ಹೆದರಲಿಲ್ಲ. ಅದೇ ಅದ."

ದೇವರಿಗೆ ಅಂಜಿ ದೂರ ನಿಂತೆ ಎಂದುಕೊಂಡಿದ್ದೆ ಅಷ್ಟು ದಿನ. ಆ ರಸ್ತೆಯ ಅಂಚಿನಲ್ಲಿ ದೇವರ ನೆನಪು ನನಗೆ ಒಂದು ಕ್ಷಣವೂ ಆಗಿರಲಿಲ್ಲ. ಸ್ಕೂಟರಿನ ನೆನಪಿತ್ತು, ಅಷ್ಟೇ. ಹಾಗಾದರೆ ಪ್ರತಿ ಭಾನುವಾರ ಕಣ್ಣು ಮುಚ್ಚಿ ಕೂರುವಾಗ ನಾನು ಯಾರಿಗೆ ಕಾಣಲೆಂದು ಕೂರುತ್ತಿದ್ದೆ?

ಅಷ್ಟರಲ್ಲಿ ನೆಗೆಣ್ಣಿ ಬಂದಳು, ಕೈಯಲ್ಲಿ ಟೊಮೇಟೊ ಚೀಲ. ಹೊಸ್ತಿಲಲ್ಲೇ ಎಲ್ಲರ ಮುಖ ಓದಿದಳು.

"ಏನ್ರೀ, ನಂದೇ ಪಂಚಾಯ್ತಿ ನಡದದೇನು? ನನಗ ಬಿಟ್ಟು?"

ಹಿರಿಯರು ನೆಲ ನೋಡುತ್ತ ಕೇಳಿದರು, "ರೋಡಿನ್ಯಾಗ ಕೈ ಮುಗದ್ಯಾ, ಯವ್ವಾ?"

"ಮುಗದೆ ಮಾವಾ."

ಅತ್ತೆ ಕಣ್ಣು ಮುಚ್ಚಿದರು.

"ಪೊಲೀಸಪ್ಪಗ," ಎಂದಳು ಅವಳು, ಚೀಲ ಕೆಳಗಿಡುತ್ತ. "ಅಕ್ಕ ಹ್ವಾದ ಮ್ಯಾಲ ಜೀಪು ಬಂತು. ಕಾಲೇಜ್ ಹುಡುಗೋರ ಮ್ಯಾಲ ಲಾಠಿ ಎತ್ತಿದ್ರು. ಹೊಡೀಬ್ಯಾಡ್ರಿ ಸಾಬ್ ಅಂತ ಕೈ ಮುಗದೆ, ಕಾಲೂ ಹಿಡದೆ. ಹೂವಿಗಿ ಮುಗೀಲಾಕ ಪುರುಸೊತ್ತೇ ಸಿಗಲಿಲ್ಲ. ಸಿಕ್ಕಿದ್ರ ಏನ್ ಮಾಡ್ತಿದ್ನೋ, ಅದು ನನಗೂ ಗೊತ್ತಿಲ್ಲ. ಬರೀರಿ, ಏನ್ ಬರ್ಕೊಂತೀರಿ."

ಹಿರಿಯರು ಏನನ್ನೂ ಬರೆದುಕೊಳ್ಳಲಿಲ್ಲ. ಟೋಪಿ ತೆಗೆದು ಮೊಣಕಾಲ ಮೇಲಿಟ್ಟರು. ಪಾಸ್ಟರ್ ನನ್ನ ಕಡೆ ನೋಡಿದರು. ನಾನು ಪರಾತ ತಂದು ನೆಗೆಣ್ಣಿಯ ಮುಂದಿಟ್ಟೆ.

"ಈ ಸಲ ನೀ ಕಲಸು."

"ಸರದಿ ನಿಂದಲ್ಲ? ನಿನಗೇನಾಗ್ಯದ?"

"ನಿನ್ನ ಮ್ಯಾಲ ಒಂದು ಮಾತದ. ಆಮ್ಯಾಲ ಹೇಳ್ತೀನಿ."

"ಒಂದೇನಾ? ನಿನ್ನ ಮ್ಯಾಲ ನಂದು ಹತ್ತವ," ಎಂದವಳು ತಂಬಿಗೆಗೆ ಕೈ ಚಾಚಿ, ಅಲ್ಲೇ ತಡೆದಳು. ನನ್ನ ಮುಖ ನೋಡಿದಳು. "ಹಂಗಿದ್ರ ನನಗೂ ನೀರು ಹಾಕ್ಲಾಕ ಬರಂಗಿಲ್ಲ."

ಕೊನೆಗೆ ಎದ್ದವರು ಅತ್ತೆ. ಗೊಣಗುತ್ತ ಬಂದು, ಕೈತೊಳೆದು, ತಂಬಿಗೆ ಎತ್ತಿ ಮತ್ತೆ ಕೆಳಗಿಟ್ಟರು. ಆಮೇಲೆ ಹಿರಿಯರ ಕಡೆ ತಿರುಗಿ, "ನಿಂಬಿಹಣ್ಣಿನ ಮಾತು ಆಡಬಾರದಿತ್ತಣ್ಣಾ," ಎಂದರು. ಅವರು ತಲೆಯಾಡಿಸಿದ ಮೇಲೆಯೇ ನೀರು ಹಾಕಿದರು.

ಮರುದಿನ ಮೊದಲನೆಯ ಪ್ರಕಟಣೆಯನ್ನು ಪಾಸ್ಟರ್ ಓದಿದರು, ಮುಂದಿನ ವಾರ ಎರಡನೆಯದನ್ನೂ ಓದಿದರು. ಮೂರನೆಯ ಭಾನುವಾರ ಬಂದ್ ಇತ್ತು. ನಾರಾಯಣಖೇಡದ ದಾರಿಯಲ್ಲಿ ಮರ ಕಡಿದು ಹಾಕಿದ್ದರು, ಪಾಸ್ಟರ್ ಬರಲಾಗಲಿಲ್ಲ. ಹಿರಿಯರೇ ಎದ್ದು ಓದಿದರು. ಈ ಮದುವೆಗೆ ಅಡ್ಡಿ ಇದ್ದವರು ಈಗ ಹೇಳಬೇಕು ಎಂದು ಕೇಳಿ, ಪದ್ಧತಿಯಂತೆ ಸ್ವಲ್ಪ ಹೊತ್ತು ಕಾದರು. ಯಾರೂ ಏಳಲಿಲ್ಲ. ಅವರು ಕಾಗದ ಮಡಚಿ ಕಿಸೆಗೆ ಹಾಕಿಕೊಂಡು ಕೂತರು.