ಸ್ಕ್ಯಾನಿನಲ್ಲಿ ಕಾಣದ್ದು ಲೆಕ್ಕಕ್ಕಿಲ್ಲ

ಆಸ್ಪತ್ರೆಯ ದಾಖಲೆ ವಿಭಾಗದ ಆ ಮಹಾಶಯನಿಗೆ ಜರಡಿ ಸಾಹೇಬ ಎಂದು ಅಡ್ಡಹೆಸರು. ಮೆದುಳಿಗೋ ಬೆನ್ನುಹುರಿಗೋ ಪೆಟ್ಟಾದವರನ್ನು ರೋಗಿಗಳ ಕಡತಗಳಿಂದ ಹೆಕ್ಕಿ, ಮೇಲಿನವರಿಗೆ ಲೆಕ್ಕ ಕಳಿಸುವುದು ಅವನ ಕೆಲಸ. ಏಣಿಯಿಂದ ಬಿದ್ದು ಕಾಲು ಮರಗಟ್ಟಿದವನಿರಲಿ, ಬೈಕಿನಿಂದ ಬಿದ್ದು ಮಕ್ಕಳ ಹೆಸರು ಮರೆತವಳಿರಲಿ, ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ 'ಪೆಟ್ಟು, ಇತರೆ' ಎಂದು ಗೀಚಿ ಕೈ ತೊಳೆದುಕೊಳ್ಳುತ್ತಿದ್ದ.

ಹೀಗೆ ಮಾಡೆಂದು ಯಾವ ಪುಣ್ಯಾತ್ಮನೂ ಹೇಳಿರಲಿಲ್ಲ. ಪ್ರಜ್ಞೆ ತಪ್ಪಿದರೂ, ನೆನಪು ಹೋದರೂ ಎಣಿಸಬೇಕೆಂದೇ ನಿಯಮವಿತ್ತು. ಆದರೆ ಅದಕ್ಕೆ ನರ್ಸುಗಳ ಟಿಪ್ಪಣಿ ಓದಬೇಕು, ಕಡತ ಬಿಚ್ಚಬೇಕು. ಸ್ಕ್ಯಾನ್ ವರದಿಯಾದರೋ ಮೇಲೆಯೇ ಪಿನ್ ಹೊಡೆದಿರುತ್ತಿತ್ತು. ತನ್ನ ಸೋಮಾರಿತನಕ್ಕೆ ಅವನು ಕಟ್ಟುನಿಟ್ಟು ಎಂದು ಹೆಸರಿಟ್ಟುಕೊಂಡಿದ್ದ.

"ಬುರುಡೆ ನೋವನ್ನೆಲ್ಲ ಮೆದುಳಿನ ಗಾಯ ಅಂತ ಬರ್ಕೊಂಡ್ರೆ ಲೆಕ್ಕಕ್ಕೇನ್ರೀ ಬೆಲೆ?" ಎನ್ನುತ್ತಿದ್ದ, ಚಹಾ ಹೀರುತ್ತಾ.

ಸಂಖ್ಯೆ ಇಳಿಯಿತು. ರಸ್ತೆ ಸುಧಾರಿಸಿದೆ ಎಂದು ಮೇಲಿನವರು ಬೀಗಿದರು. ರೋಗಿಗಳೇ ಇಲ್ಲವಲ್ಲ ಎಂದು, ಪೆಟ್ಟಾದವರಿಗೆ ಮಾತು, ನಡಿಗೆ ಮರಳಿ ಕಲಿಸುತ್ತಿದ್ದ ಕೋಣೆಯನ್ನು ಮುಚ್ಚಿ, ಹಳೆಯ ಕಡತ ತುಂಬಲು ಇವನಿಗೇ ಕೊಟ್ಟರು. ಸಾಹೇಬ ಮನೆಗೆ ಬಂದು ಅದನ್ನೂ ಕೊಚ್ಚಿಕೊಂಡ.

"ನಿಮ್ಮ ತಲೇನ ಸ್ಕ್ಯಾನ್ ಮಾಡಿಸಿದ್ರೂ ಏನೂ ಕಾಣಲ್ಲ ಬಿಡಿ" ಎಂದಳು ಹೆಂಡತಿ. ಅವಳ ನಾಲಿಗೆಯ ಹರಿತಕ್ಕೆ ಇಡೀ ಓಣಿ ಹೆದರುತ್ತಿತ್ತು.

ಆಮೇಲೊಂದು ಬೆಳಿಗ್ಗೆ ಅವಳು ಬಚ್ಚಲಲ್ಲಿ ಜಾರಿ ಬಿದ್ದಳು. ಸ್ಕ್ಯಾನಿನಲ್ಲಿ ಏನೂ ಕಾಣಲಿಲ್ಲ. ಆದರೆ ಹಾಲಿನ ಪಾತ್ರೆ ಬಟ್ಟೆಯ ಬೀರು ಸೇರಿತು. ಮಾತು ಅರ್ಧಕ್ಕೇ ನಿಂತು, ಅವಳು ಕಣ್ಣೀರು ಹಾಕುವಳು. ಮಾಡಿದ್ದುಣ್ಣೋ ಮಾರಾಯ ಅನ್ನುತ್ತಾರೆ. ಇಲ್ಲಿ ಮಾಡಿದವನೊಬ್ಬ, ಉಂಡವಳು ಇನ್ನೊಬ್ಬಳು.

"ಇದು ಮೆದುಳಿನ ಪೆಟ್ಟೇ" ಎಂದಳು ವೈದ್ಯೆ. "ದಿನಾ ತರಬೇತಿ ಬೇಕು. ತಡವಾದ್ರೆ ಮಾತು ವಾಪಸ್ ಬರೋದು ಕಷ್ಟ."

"ಎಲ್ಲಿ ಕೊಡ್ತಾರೆ ಮೇಡಂ?"

"ನಮ್ಮಲ್ಲೇ ಇತ್ತು. ಕಲಿಸೋರನ್ನ ಕಳಿಸಿಬಿಟ್ರು. ಆ ಕೋಣೆ ಕೀಲಿ ಈಗ ನಿಮ್ಮ ಜೇಬಲ್ಲೇ ಇದೆಯಲ್ಲ."

ಸಾಹೇಬ ಹೆಂಡತಿಯ ಕೈಹಿಡಿದು ಆ ಕೋಣೆಗೆ ಹೋದ. ಕುರ್ಚಿಯ ಮೇಲಿನ ಕಡತದ ಗಂಟು ಕೆಳಗಿಳಿಸಿ ಅವಳನ್ನು ಕೂರಿಸಿದ. ಮೂಲೆಯಲ್ಲಿ ಉಳಿದಿದ್ದ ಚಿತ್ರದ ಹಾಳೆಯೊಂದನ್ನು ಎತ್ತಿ ಹಿಡಿದ. ಚಮಚದ ಚಿತ್ರ.

"ಇದೇನು, ಹೇಳು ನೋಡೋಣ."

ಅವಳು ಚಿತ್ರ ನೋಡಿದಳು, ಸೂರಿನವರೆಗೆ ಪೇರಿಸಿದ್ದ ಕಡತಗಳನ್ನು ನೋಡಿದಳು, ಆಮೇಲೆ ಗಂಡನನ್ನು. ತುಟಿ ಅಲುಗಿತು, ಮಾತು ಹೊರಡಲಿಲ್ಲ. ಅವಳು ಏನು ಬೈಯಲು ಹೊರಟಿದ್ದಳೆಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ಆ ಬೈಗುಳಕ್ಕಾಗಿ ಹಾಳೆ ಹಿಡಿದುಕೊಂಡೇ ಕಾದ.