ಮೋಡದ ದಿನದ ಒಲೆ

ಕಳೆದ ವಾರ ಪಕ್ಕದ ಮನೆಯಿಂದ ಅಜವಾನದ ಹೊಗೆ ಬಂತು. ಬಾಣಂತಿಗೆ, ಕೂಸಿಗೆಂದು ಕೆಂಡದ ಮೇಲೆ ಓಮದ ಕಾಳು ಉದುರಿಸಿ ಹಾಕುವ ಹೊಗೆ. ಕುಡಿಯುತ್ತಿದ್ದ ಚಹಾ ಹಾಗೇ ಆರಿಹೋಯಿತು. ಆ ವಾಸನೆಯ ಬೆನ್ನಿಗೆ ಬೆಟಗೇರಿಯ ಓಣಿ ಬಂತು, ಮಗ್ಗದ ಸದ್ದು ಬಂತು, ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಎದುರುಮನೆ ಆಯಿ ಬಂದಳು…

ನಾನಾಗ ಕಾಲೇಜಿಗೆ ಹೋಗುತ್ತಿದ್ದೆ. ಬಾಡಿಗೆ ಕಡಿಮೆಯೆಂದು ಅಪ್ಪ ನೇಕಾರರ ಓಣಿಯಲ್ಲಿ ಮನೆ ಹಿಡಿದಿದ್ದ. ಆ ಓಣಿಯವರದ್ದು ಹೊತ್ತಿನ ಪಂಥ. ಸೂರ್ಯನೇ ಅವರ ದೇವರು, ಹೊತ್ತಪ್ಪ ಎನ್ನುತ್ತಿದ್ದರು. ಗುಡಿಯಿಲ್ಲ, ಮೂರ್ತಿಯಿಲ್ಲ, ಪೂಜಾರಿಯಿಲ್ಲ. ಓಣಿಯ ಕೊನೆಗೆ ಮೂಡಲಕ್ಕೆ ಮುಖ ಮಾಡಿದ ಒಂದು ಕಲ್ಲಿನ ಕಟ್ಟೆ, ಅಷ್ಟೇ. ಬೆಳಗ್ಗೆ ಅಲ್ಲಿ ನಿಂತು ಹೊತ್ತಪ್ಪನನ್ನು ಬರಿಗಣ್ಣಿನಿಂದ ನೋಡಿ "ಕಂಡೆ" ಎಂದ ಮೇಲೆಯೇ ಒಲೆ ಹೊತ್ತಿಸಬೇಕು. ಅಲ್ಲಿಯವರೆಗೆ ನೀರು ಬಿಟ್ಟರೆ ಬಾಯಿಗೆ ಏನೂ ಇಲ್ಲ. ಮನೆಯಲ್ಲಿ ಒಬ್ಬರು ಕಂಡರೂ ಸಾಕು, ಎಲ್ಲರೂ ಉಣ್ಣಬಹುದು.

ಜಗಳವೆಲ್ಲ ಮೋಡದ ದಿನದ್ದು. ಕಣ್ಣಿಗೆ ಬೀಳುವವರೆಗೂ ಉಪವಾಸ ಎನ್ನುವವರು ಕಂಡವರು. ಮೋಡದ ಹಿಂದೆ ಎದ್ದೇ ಇರುತ್ತಾನೆ, ನಂಬಿ ಉಣ್ಣಿರಿ ಎನ್ನುವವರು ನಂಬಿದವರು. ಯಾವ ಕಾಲದಲ್ಲೋ ಒಡೆದ ಈ ಎರಡು ಗುಂಪಿನವರು ಒಂದೇ ಕಟ್ಟೆಯ ಎರಡು ತುದಿಗೆ ನಿಲ್ಲುತ್ತಿದ್ದರು. ಹೆಣ್ಣು ಕೊಟ್ಟು ತಂದುಕೊಂಡರೂ ಮೋಡ ಕವಿದ ದಿನ ನಂಬಿದವರ ಮನೆಯ ತುತ್ತನ್ನು ಕಂಡವರು ಮುಟ್ಟುತ್ತಿರಲಿಲ್ಲ. "ಇವರಿಗೆ ಹವಾಮಾನ ಇಲಾಖೆನೇ ಮಠ" ಎಂದು ಅಪ್ಪ ನಗುತ್ತಿದ್ದ. ನಾನೂ ನಗುತ್ತಿದ್ದೆ, ಆಯಿ ಎದುರಿಗಿಲ್ಲದಾಗ.

ಆಯಿ ಕಂಡವರಲ್ಲೇ ಕಟ್ಟಾ. ವಯಸ್ಸು ಅರವತ್ತರ ಹತ್ತಿರ, ಆದರೂ ಮಗ್ಗದ ಮೇಲೆ ಕೂತರೆ ಒಂದೆಳೆ ತಪ್ಪುತ್ತಿರಲಿಲ್ಲ. ಕಟ್ಟೆಯ ಮೇಲೆ ಎಲ್ಲರಿಗಿಂತ ಮೊದಲು ಅವಳೇ. ಹೊತ್ತಪ್ಪನಿಗೆ ಮುಖವೊಡ್ಡಿ, ರೆಪ್ಪೆ ಬಡಿಯದೆ ನಿಂತು, "ಕಂಡೆ" ಎನ್ನುವ ಅವಳ ದನಿಗೇ ನಾನು ಹಾಸಿಗೆ ಬಿಟ್ಟೇಳುತ್ತಿದ್ದೆ.

ಆ ಚಳಿಗಾಲ, ಸಮುದ್ರದಲ್ಲೆಲ್ಲೋ ಚಂಡಮಾರುತ ಎದ್ದು ನಮ್ಮ ಕಡೆ ಮೋಡ ಮುಚ್ಚಿಕೊಂಡಿತು. ನಂಬಿದವರ ಮನೆಗೆ ಕೊಟ್ಟಿದ್ದ ಆಯಿಯ ಮಗಳು ಚೊಚ್ಚಲ ಬಾಣಂತನಕ್ಕೆ ತವರಿಗೆ ಬಂದಿದ್ದಳು. ಕೂಸಿಗೆ ಹತ್ತು ದಿನ. ಮೊದಲ ದಿನ ಹೊತ್ತಪ್ಪ ಕಾಣಲಿಲ್ಲ, ಒಲೆ ಹೊತ್ತಲಿಲ್ಲ. ಸಂಜೆ ಬೀಗತಿ ಬುತ್ತಿ ಹೊತ್ತು ಬಂದರೆ ಆಯಿ ಹೊಸ್ತಿಲಿಗೆ ಅಡ್ಡ ನಿಂತಳು.

"ಬಾಣಂತಿ ಹಸದು ಸಾಯಬೇಕೇನ್ರಿ?" ಎಂದು ಬೀಗತಿ ಓಣಿಗೆಲ್ಲ ಕೇಳುವಂತೆ ಕೂಗಿದಳು.

ಒಳಗಿನಿಂದ ಮಗಳೇ ಉತ್ತರ ಕೊಟ್ಟಳು. "ಅವ್ವನ ಮನ್ಯಾಗ ಅವ್ವನ ಪದ್ಧತಿ. ನಾ ಉಣ್ಣೂದಿಲ್ಲರಿ ಅತ್ತಿ."

ಮರುದಿನ ಬೆಳಗ್ಗೆಯೂ ಆಕಾಶ ಬೂದಿ ಬಣ್ಣವೇ. ಮಗಳ ಎದೆಹಾಲು ಇಳಿದುಹೋಗಿತ್ತು. ಕೂಸು ಅತ್ತು ಅತ್ತು ದನಿ ಕಳೆದುಕೊಂಡಿತ್ತು. ನನಗೆ ಸಿಟ್ಟು ನೆತ್ತಿಗೇರಿತು. ಇದೆಂಥ ದೇವರು, ಇದೆಂಥ ತಾಯಿ! ಬೈದೇ ಬರುತ್ತೇನೆಂದು ಚಪ್ಪಲಿ ಮೆಟ್ಟಿದರೆ, ಬಾಗಿಲಲ್ಲಿ ಆಯಿಯೇ ನಿಂತಿದ್ದಳು.

"ನಿನ್ನ ಗಾಡಿ ತಗಿ ಯವ್ವ. ಮಾಗಡಿಗೆ ಹೋಗೂಣು. ಅಲ್ಲಿ ಕೆರಿ ಮ್ಯಾಲೆ ಮೋಡ ಜಲ್ದಿ ಹರೀತೈತಿ."

ಬೆಟಗೇರಿಯಿಂದ ಒಂದು ತಾಸಿನ ದಾರಿಯ ಮಾಗಡಿ ಅವಳ ತವರೂರು. ನನ್ನ ಸ್ಕೂಟಿಯ ಹಿಂದೆ ಭುಜ ಹಿಡಿದು ಕೂತಳು.

ಕೆರೆಯ ತುಂಬ ಹಕ್ಕಿಗಳು. ಹಿಮಾಲಯ ದಾಟಿ ಬರುವ ಪಟ್ಟೆತಲೆಯ ಬಾತುಗಳು ನೀರಿನ ಮೇಲೆ ಸುಮ್ಮನೆ ತೇಲುತ್ತಿದ್ದವು. ಆಯಿ ಚಪ್ಪಲಿ ಬಿಟ್ಟು ದಂಡೆಯ ಕೆಸರಿನಲ್ಲಿ ನಿಂತಳು. ಒಂದು ತಾಸು… ಎರಡು ತಾಸು… ಮಿಸುಕಲಿಲ್ಲ. ಎರಡು ದಿನ ಅನ್ನ ಕಾಣದ ಮುದುಕಿ ಹಾಗೆ ಆಕಾಶ ಕಾಯುವುದನ್ನು ನೋಡುತ್ತ ಬೈಯಬೇಕೆಂದಿದ್ದುದನ್ನೇ ಮರೆತೆ.

ಮೋಡ ಮಾತ್ರ ಹರಿಯುವ ಲಕ್ಷಣವಿರಲಿಲ್ಲ. ನನ್ನ ಕಿವಿಯಲ್ಲಿ ಕೂಸಿನ ಒಣ ಅಳು. ತಡೆಯಲಾಗದೆ ಕೈ ಎತ್ತಿ ಸುಳ್ಳು ಹೇಳಿಬಿಟ್ಟೆ. "ಆಯಿ, ಅಲ್ಲಿ ನೋಡು, ಕಂಡಾ!" ಕೇಳಿದರೆ, ಕ್ಷಣ ಕಂಡು ಮತ್ತೆ ಮುಚ್ಚಿಕೊಂಡ ಎನ್ನೋಣವೆಂದಿದ್ದೆ.

"ಎಲ್ಲೆ?" ಎಂದಳು. ನನ್ನ ಬೆರಳಿನ ಕಡೆ ಅವಳ ಮುಖ ತಿರುಗಲೇ ಇಲ್ಲ. ಆಮೇಲೆ ಮೆಲ್ಲಗೆ ನನ್ನ ಕೈ ಹುಡುಕಿ ಹಿಡಿದಳು.

"ನನಗ ಕಾಣೂದಿಲ್ಲ ಯವ್ವ. ಆರು ವರ್ಷ ಆತು. ಬಾಜೂಕಿಂದೆಲ್ಲ ಕಾಣತೈತಿ. ಯಾವುದನ್ನ ನೆಟ್ಟಗ ನೋಡತೇನೋ ಅದಷ್ಟ ಕಾಣೂದಿಲ್ಲ. ಹೊತ್ತಪ್ಪನ್ನ ನೋಡಿ ನೋಡಿ ಕಣ್ಣಿನ ನಡುವ ಸುಟ್ಟೈತಿ. ಯಾರಿಗೂ ಹೇಳಿಲ್ಲ."

"ಮತ್ತ ದಿನಾ ಕಂಡೆ ಅಂತೀಯಲ್ಲ ಆಯಿ?"

"ಹಣಿಗೆ ಬಿಸಿ ಹತ್ತಿದಾಗ ಅಂತೇನಿ." ನನ್ನ ಕೈ ಬಿಡದೆ ಕೇಳಿದಳು: "ನೀ ಕಂಡದ್ದು ಖರೆ?"

"ಖರೆ."

ಹಣೆಯನ್ನು ಮತ್ತೊಮ್ಮೆ ಆಕಾಶಕ್ಕೆ ಒಡ್ಡಿದಳು. ಕೈ ಮುಗಿದಳು. "ನೀ ಕಂಡಿ, ನಾ ನಂಬಿದೆ. ನಡಿ, ಜಲ್ದಿ."

ಮನೆಗೆ ಬಂದವಳೇ ಒಲೆ ಹೊತ್ತಿಸಿದಳು. ಬಿಸಿ ಅನ್ನ, ಬೆಳ್ಳುಳ್ಳಿ ಸಾರು. ಮಗಳು ಉಂಡಳು, ಸಂಜೆಯ ಹೊತ್ತಿಗೆ ಕೂಸಿಗೂ ಹಾಲು ಸಿಕ್ಕಿತು. ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ.

ಮಾರನೆಯ ದಿನ ಬೆಳಗ್ಗೆ ಮೋಡ ಹಾಗೇ ಇದ್ದರೂ ಆಯಿ ಒಲೆ ಹೊತ್ತಿಸಿದಳು, ಮಗಳಿಗೆ ಬಡಿಸಿದಳು. ಮೋಡ ಹರಿದದ್ದು ಅಂದು ಮಧ್ಯಾಹ್ನ. ಓಣಿಯವರೆಲ್ಲ ಕಟ್ಟೆಗೆ ಓಡಿದರು. ಆಯಿ ಗೋಡೆ ಹಿಡಿದುಕೊಂಡು ಬಂದಳು. ಹಣೆ ಎತ್ತಿ ನಿಂತು, ಒಡೆದ ದನಿಯಲ್ಲಿ "ಕಂಡೆ" ಎಂದಳು. ಅಲ್ಲೇ ಕಟ್ಟೆಯ ಮೇಲೆ ಕೂತು, ಸೆರಗಿನಲ್ಲಿ ಕಟ್ಟಿಕೊಂಡಿದ್ದ ರೊಟ್ಟಿ ಬಿಚ್ಚಿ ಮುರಿದು ಬಾಯಿಗಿಟ್ಟಳು. ಮೂರು ದಿನದಲ್ಲಿ ಅದು ಅವಳ ಮೊದಲ ತುತ್ತು.

ಕೆರೆಯ ದಂಡೆಯಲ್ಲಿ ಅವಳ ಹಣೆಗೆ ಬಿಸಿ ಹತ್ತಿರಲಿಲ್ಲ. ನಾನು ಸುಳ್ಳು ಹೇಳಿದ್ದು ಅವಳಿಗೆ ಆಗಲೇ ಗೊತ್ತಿತ್ತು.

ಆಮೇಲೆ ಎಷ್ಟೋ ವರ್ಷ ನಾವು ಎದುರುಬದುರು ಇದ್ದೆವು. ತಪ್ಪೊಪ್ಪಿಕೊಳ್ಳಬೇಕೆಂದು ಎಷ್ಟು ಸಲ ಅವಳ ಪಡಸಾಲೆಗೆ ಹೋಗಿ, ಸುಮ್ಮನೆ ಚಹಾ ಕುಡಿದು ಬಂದೆನೋ… ಅವಳೂ ಕೇಳಲಿಲ್ಲ. ಆಯಿ ಹೋಗಿ ಈಗ ನಾಲ್ಕು ವರ್ಷ. ಓಣಿಯ ಹುಡುಗರು ಹೊತ್ತು ಹುಟ್ಟುವ ವೇಳೆಯನ್ನು ಮೊಬೈಲಿನಲ್ಲಿ ನೋಡಿ ಉಣ್ಣುತ್ತಾರಂತೆ. ಕಂಡವರು ಯಾರು, ನಂಬಿದವರು ಯಾರು ಎಂದು ಅವರಿಗೇ ನೆನಪಿಲ್ಲ.

ಮಗಳ ಹೊಟ್ಟೆಗೆ ನನ್ನ ಸುಳ್ಳು ಸಾಕು, ತನ್ನ ಹೊಟ್ಟೆಗೆ ಸಾಲದು ಎಂದು ಕೆಸರಿನಲ್ಲಿ ನಿಂತು ತೀರ್ಮಾನಿಸಿದ ಆ ಹೆಂಗಸಿನ ಕಾಲಿಗೆ ಒಮ್ಮೆ ಬೀಳಬೇಕಿತ್ತು. ಬೀಳೋಣವೆಂದರೆ ಆಯಿ ಇಲ್ಲ.