ಬಾಯ್ಬಿಟ್ಟು ನಕ್ಕ ತಪ್ಪಿಗೆ

ವಡೋದರಾದಿಂದ ನಮ್ಮ ಆಫೀಸಿನ ಸೂರತ್ ಬ್ರಾಂಚಿಗೆ ದಿನಾ ರೈಲು ಪಾಸಿನಲ್ಲಿ ಓಡಾಡುತ್ತಿದ್ದ ಕಾಲ. ಒಂದು ಬೆಳಿಗ್ಗೆ ರೈಲಿನಲ್ಲಿ ಯಾರದೋ ಜೋಕಿಗೆ ಬಾಯ್ಬಿಟ್ಟು ನಕ್ಕೆ. ಎದುರು ಕೂತಿದ್ದ, ಪರಿಚಯವೇ ಇಲ್ಲದ ವಯಸ್ಸಾದ ಗುಜರಾತಿ ಕಾಕಾ ಒಬ್ಬರು ಬಗ್ಗಿ ನನ್ನ ದವಡೆಯೊಳಗೇ ಇಣುಕಿದರು.

“ಅರೇ ಭಾಯಿ, ಬೆಳ್ಳಿ ಬಣ್ಣದ ಫಿಲ್ಲಿಂಗು! ಅದರಲ್ಲಿ ಪಾದರಸ ಇರುತ್ತೆ!”

“ಇಪ್ಪತ್ತು ವರ್ಷದಿಂದ ಇದೆ ಕಾಕಾ. ಒಂದು ದಿನವೂ ಜಗಳ ಆಡಿಲ್ಲ.”

ಅವರು ಕೇಳಬೇಕಲ್ಲ! ತಿಂಡಿ ಡಬ್ಬಿ ತೆರೆದು, ಥೇಪ್ಲಾ ಅನ್ನೋ ಮೆಂತ್ಯದ ರೊಟ್ಟಿಯ ಮೇಲೆ ಹಸಿರು ಕ್ಯಾಪ್ಸೂಲ್ ಒಂದನ್ನಿಟ್ಟು ಚಾಚಿದರು. “ತಗೊಳ್ಳಿ. ಮೈಯಲ್ಲಿರೋ ಪಾದರಸವನ್ನೆಲ್ಲ ಎಳೆದು ಹಾಕುತ್ತೆ.”

ಯಾರಾದರೂ ಡಬ್ಬಿ ಚಾಚಿದರೆ ಬೇಡ ಅನ್ನಬಾರದು ಎನ್ನುವುದು ಪಾಸಿನವರ ಕಾನೂನು. ಎರಡನ್ನೂ ತೆಗೆದುಕೊಂಡೆ. ಕ್ಯಾಪ್ಸೂಲ್ ತುಟಿಯ ಹತ್ತಿರ ಬಂದಾಗ ನನ್ನ ಹಲ್ಲಿನ ಡಾಕ್ಟರಮ್ಮ ನೆನಪಾದರು. ಫಿಲ್ಲಿಂಗ್ ಗಟ್ಟಿಯಾಗಿದ್ದರೆ ಅದರ ಪಾಡಿಗೆ ಬಿಡಿ, ಪಾದರಸ ತೆಗೆಯೋ ಇಂಥ ಮಾತ್ರೆಗಳು ಮೈಗೆ ಬೇಕಾದ ಸತು, ತಾಮ್ರವನ್ನೂ ಎಳ್ಕೊಂಡು ಹೋಗಬಹುದು, ಕೇಳದೆ ನುಂಗಬೇಡಿ ಅಂತ ಗದರಿಸಿದ್ದರು.

“ಕಾಕಾ, ನೀವೂ ಇದನ್ನ ತಗೋತೀರಾ?”

ಕಾಕಾ ಜೋರಾಗಿ ನಕ್ಕರು. ಅವರ ಬಾಯಲ್ಲಿ ನನಗಿಂತ ಹೆಚ್ಚು ಬೆಳ್ಳಿ!

“ನಾನಾ? ಕಿಡ್ನಿಗೆ ತೊಂದರೆ ಆಗುತ್ತೆ, ಬಿಡಿ ಅಂದ್ರು ನಮ್ಮ ಡಾಕ್ಟರು. ಅರ್ಧ ಬಾಟ್ಲಿ ಉಳಿದಿದೆ. ಎಸೆಯೋಕೆ ಮನಸ್ಸು ಬರಲಿಲ್ಲ.”

ಕ್ಯಾಪ್ಸೂಲನ್ನು ಮರ್ಯಾದೆಯಿಂದ ಅವರ ಡಬ್ಬಿಗೇ ವಾಪಸ್ ಇಟ್ಟೆ. ಥೇಪ್ಲಾವನ್ನು ಮಾತ್ರ ಅದೇ ಪಾದರಸದ ಹಲ್ಲಲ್ಲಿ ಅಗಿದು ಮುಗಿಸಿ, ಇನ್ನೊಂದು ಕೇಳಿದೆ.